ಒಂದು ಡಾಲರ್ ಬಂಡಲ್ ಬಿಟ್ಟು ಎರಡೇ ಗೇಮ್‌ನ ಬಂಡಲ್ ಕಟ್ಟಿದೆವು: ನನ್ನ ಅನುಭವ

ಬಂಡಲ್, ಅಂದರೆ ಹಲವು ಗೇಮ್ ಒಟ್ಟಿಗೆ ಕಟ್ಟಿ ಕಮ್ಮಿ ಬೆಲೆಗೆ ಮಾರುವುದು, ಅಂದ ಕೂಡಲೇ ದೊಡ್ಡ ಕಂಪನಿಯ ಹಂಗಿಲ್ಲದೆ ಇಂಡೀ ಗೇಮ್ ಮಾಡುವ ನಮ್ಮವರಲ್ಲಿ ಎರಡು ಪಂಗಡ ಆಗುತ್ತವೆ. ಒಂದು ಪಂಗಡಕ್ಕೆ ಅದು ಮಾರಾಟ ನಿಂತುಹೋದ ಗೇಮ್‌ನಿಂದ ಕೊನೆಯ ಕಾಸು ಹಿಂಡುವ ದಾರಿ. ಇನ್ನೊಂದಕ್ಕೆ ಅದು ಗೇಮ್‌ನ ಮರ್ಯಾದೆ ತಾನೇ ತೆಗೆಯುವ ಕೆಲಸ. ನಾನು ಮೊದಲನೆಯದನ್ನು ಮಾಡಿದೆ, ಎರಡನೆಯವರ ಮಾತಿಗೂ ತಲೆ ಆಡಿಸಿದೆ, ಕೊನೆಗೆ ಬೇರೆಯೇ ಒಂದು ದಾರಿ ಹಿಡಿದೆ: ಎರಡೇ ಗೇಮ್ ಜೋಡಿಸಿ 10 ಪರ್ಸೆಂಟ್ ಮಾತ್ರ ಇಳಿಸುವುದು. ‘10 ಪರ್ಸೆಂಟ್ ಡಿಸ್ಕೌಂಟಿಗೆ ಯಾರು ಮಾರಾಯಾ ತಿರುಗಿ ನೋಡ್ತಾರೆ’ ಅಂತ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅಂತ ಕೂತೆ. ಪೂರ್ತಿ ಹೇಳಲ್ಲ, ಅದು ಬೇರೆ ಮಾತು.

ನಮ್ಮದು ಮೈಸೂರು. ಅಳಗುಳಿ ಮಣೆಯನ್ನು ಇಟ್ಟುಕೊಂಡು ಮಾಡಿದ ಪಜಲ್ ಗೇಮ್. ಕೋಡ್ ನಾನು, ಚಿತ್ರ ನಮ್ಮ ತಮ್ಮನ ಹೆಂಡತಿ, ಸಂಗೀತ ಮತ್ತು ಲೆಕ್ಕಪತ್ರ ನಮ್ಮ ಭಾವ. 2020ರ ಕೊನೆಗೆ ಸ್ಟೀಮ್‌ಗೆ, ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಗೆ, ಬಿಟ್ಟೆವು. ಬೆಲೆ 7.99 ಡಾಲರ್. ಮೊದಲ ತಿಂಗಳು ಆರುನೂರರ ಹತ್ತಿರ ಪ್ರತಿ ಹೋಯಿತು. ಅಲ್ಲಿಂದ ಇಳಿಯುತ್ತಾ ಇಳಿಯುತ್ತಾ ಸೇಲ್ ಇಲ್ಲದ ತಿಂಗಳಲ್ಲಿ ನಲವತ್ತು, ಹೆಚ್ಚೆಂದರೆ ಐವತ್ತಕ್ಕೆ ಬಂದು ನಿಂತಿತು. ನಿಮಗೂ ಹೀಗೇ ಆಗಿರುತ್ತೆ, ಬಿಡಿ.

ಕೈಗೆ ಎಷ್ಟು ಬರುತ್ತೆ ಅಂತ ಗೊತ್ತಿಲ್ಲದವರಿಗೆ ಒಂದೇ ಸಾಲು. ಆಯಾ ದೇಶದ ತೆರಿಗೆ, ರಿಫಂಡ್ ಎಲ್ಲ ಹೋಗಿ ಉಳಿದದ್ದರಲ್ಲಿ ಸ್ಟೀಮ್ 30 ಪರ್ಸೆಂಟ್ ತೆಗೆದುಕೊಳ್ಳುತ್ತೆ. ಅಮೆರಿಕದಲ್ಲಿ ಆದ ಮಾರಾಟದ ಪಾಲಿಗೆ ಅಲ್ಲೇ ಇನ್ನೊಂದು 15 ಪರ್ಸೆಂಟ್ ಹಿಡಿಯುತ್ತಾರೆ. ಅದನ್ನು ಇಲ್ಲಿನ ರಿಟರ್ನ್ಸ್‌ನಲ್ಲಿ ಅದಕ್ಕೆಂದು ಇರುವ ಫಾರ್ಮ್ ಹಾಕಿ ಸರಿ ಮಾಡಿಕೊಳ್ಳಬೇಕು. ಪೂರ್ತಿ ಬೆಲೆಗೆ ಹೋದರೆ ಒಂದಕ್ಕೆ ನಾಲ್ಕು ನಾಲ್ಕೂವರೆ ಡಾಲರ್ ಕೈಗೆ. ಅರ್ಧ ಬೆಲೆಗೆ ಹೋದರೆ ಎರಡರ ಮೇಲೆ ಸ್ವಲ್ಪ.

2021ರಲ್ಲಿ ಒಂದು ಬಂಡಲ್ ಕಂಪನಿಯಿಂದ ಮೇಲ್ ಬಂತು. ಹೆಸರು ಬೇಡ. ಒಂದು ಡಾಲರ್‌ಗೆ ಎಂಟೋ ಒಂಬತ್ತೋ ಗೇಮ್ ಕಟ್ಟಿ ಕೊಡುವವರು. ನಮ್ಮ ಪಾಲಿಗೆ ಕೀ (ಸ್ಟೀಮ್‌ನಲ್ಲಿ ಹಾಕಿದರೆ ಗೇಮ್ ಸಿಗುವ ಕೋಡ್) ಒಂದಕ್ಕೆ ಹನ್ನೆರಡು ಸೆಂಟ್. ಆಗ ಬೆಂಗಳೂರಿನ ಗೆಳೆಯರೆಲ್ಲ ‘ತಗೋ, ಸುಮ್ನೆ ಕೂತಿರೋ ಗೇಮ್ ತಾನೆ’ ಅಂದರು. ಎಲ್ಲರ ತಲೆಯಲ್ಲೂ ಇದ್ದದ್ದು 2010ರ ಹಂಬಲ್ ಇಂಡೀ ಬಂಡಲ್. ವೋಲ್ಫೈರ್ ಗೇಮ್ಸ್‌ನವರು ‘ವರ್ಲ್ಡ್ ಆಫ್ ಗೂ’, ‘ಅಕ್ವೇರಿಯಾ’, ‘ಗಿಶ್’ ಇಂಥವನ್ನೆಲ್ಲ ಸೇರಿಸಿ ‘ನಿಮಗೆ ಎಷ್ಟು ಅನ್ನಿಸುತ್ತೋ ಅಷ್ಟು ಕೊಡಿ’ ಅಂದಿದ್ದರು. 12 ಲಕ್ಷ 70 ಸಾವಿರ ಡಾಲರ್ ಚಿಲ್ಲರೆ ಬಂತು, ಸರಾಸರಿ ತಲಾ ಒಂಬತ್ತು ಡಾಲರ್. ಅದರಲ್ಲೂ ಜಾಸ್ತಿ ಕೊಟ್ಟವರು ವಿಂಡೋಸ್ ಬದಲು ಲಿನಕ್ಸ್ ಬಳಸುವವರು. 2012ರ ಐದನೇ ಬಂಡಲ್ ಹೊತ್ತಿಗೆ ಮೊತ್ತ 50 ಲಕ್ಷ ಡಾಲರ್ ದಾಟಿತ್ತು.

ಆದರೆ ಅವತ್ತು ಅಂಗಡಿಯಲ್ಲಿದ್ದ ಗೇಮ್‌ಗಳೇ ಕಮ್ಮಿ. ಬಂಡಲ್‌ಗೆ ಸೇರಿದ್ದೆಲ್ಲ ಆಗಲೇ ಹೆಸರು ಮಾಡಿದ್ದವು, ಜನ ಅವನ್ನೇ ಬೇಕು ಅಂತ ಕೊಂಡರು. ಈಗ ಸ್ಟೀಮ್‌ಗೆ ವರ್ಷಕ್ಕೆ ಹತ್ತು ಸಾವಿರಕ್ಕೂ ಮೇಲೆ ಹೊಸ ಗೇಮ್ ಬರುತ್ತವೆ. ಡಾಲರ್ ಬಂಡಲ್‌ನಲ್ಲಿ ಆರನೆಯದೋ ಏಳನೆಯದೋ ಆಗಿ ಕೂರುವ ನಮ್ಮ ಗೇಮ್‌ಗೂ ಆ ಬಂಡಲ್‌ಗೂ ಹೆಸರೊಂದು ಬಿಟ್ಟರೆ ಸಂಬಂಧವೇ ಇಲ್ಲ. ಆಗ ಈ ಮಾತು ಹೇಳಿದವರು ಯಾರೂ ಇರಲಿಲ್ಲ.

ಹೋದದ್ದು ಒಂಬತ್ತು ಸಾವಿರದ ಆಸುಪಾಸು ಕೀ. ಬಂದದ್ದು ಎಂಬತ್ತು ಸಾವಿರ ರೂಪಾಯಿಗೆ ಸ್ವಲ್ಪ ಕಮ್ಮಿ, ಅದೂ ನಾಲ್ಕು ತಿಂಗಳು ಮೇಲ್ ಮೇಲೆ ಮೇಲ್ ಹಾಕಿದ ಮೇಲೆ. ಬ್ಯಾಂಕಿನವರು ತಮ್ಮ ವೈರ್ ಚಾರ್ಜು ಹಿಡಿದುಕೊಂಡರು. ಸರಿ, ಎಂಬತ್ತು ಸಾವಿರ ಅಂದರೆ ಎಂಬತ್ತು ಸಾವಿರವೇ ಅಲ್ವಾ ಅಂತೀರಿ. ಮುಂದಿನದು ಕೇಳಿ.

ನಾವು ಕೀ ತೆಗೆಯುವಾಗ ಅದಕ್ಕೊಂದು ಟ್ಯಾಗ್ ಹಾಕಿದ್ದೆವು. ಎಷ್ಟು ಕೀ ಆಕ್ಟಿವೇಟ್ ಆಯಿತು ಅಂತ ಅದರಿಂದ ಗೊತ್ತಾಗುತ್ತೆ. ಮೂರರಲ್ಲಿ ಒಂದು ಭಾಗವೂ ಸರಿಯಾಗಿ ಆಗಿರಲಿಲ್ಲ. ಆಕ್ಟಿವೇಟ್ ಆದವರಲ್ಲೂ ಆಟ ತೆರೆದು ಮೊದಲ ಹಂತ ಮುಗಿಸಿದವರು ಕೆಲವೇ ನೂರು ಜನ. ಬಂಡಲ್ ಕೀ ಅನ್ನೋದು ಮದುವೆ ಮನೆ ತಾಂಬೂಲದ ತೆಂಗಿನಕಾಯಿ ಥರ. ಕೊಟ್ಟರೆ ಯಾರೂ ಬೇಡ ಅನ್ನಲ್ಲ, ಮನೆಗೆ ಹೋದ ಮೇಲೆ ಅದು ಯಾವ ಮೂಲೆ ಸೇರಿತು ಅಂತ ಯಾರಿಗೂ ಗೊತ್ತಿರಲ್ಲ.

ಆಕ್ಟಿವೇಟ್ ಆಗದ ಕೀಗಳು ಎಲ್ಲಿಗೆ ಹೋದವು? ಕೀ ಮರುಮಾರಾಟದ ಅಂಗಡಿಗಳಿಗೆ. ಬಂಡಲ್ ಮುಗಿದ ಎರಡನೇ ವಾರಕ್ಕೇ ನಮ್ಮ ಗೇಮ್ ಅರವತ್ತು ಎಪ್ಪತ್ತು ಸೆಂಟ್‌ಗೆ ಅಲ್ಲಿ ಕೂತಿತ್ತು. ಅದಾದ ಮೇಲೆ ಸ್ಟೀಮ್ ಸೇಲ್‌ನಲ್ಲಿ 50 ಪರ್ಸೆಂಟ್ ಇಳಿಸಿದೆವು. ಹಿಂದಿನ ಸೇಲ್‌ನಲ್ಲಿ ಮುನ್ನೂರು ಹೋಗಿದ್ದು ಈ ಸಲ ಎಪ್ಪತ್ತಕ್ಕೆ ನಿಂತಿತು. ಆಮೇಲಿನ ಸೇಲೂ ಹೆಚ್ಚು ಕಮ್ಮಿ ಹಾಗೇ. ಬೆಲೆ ಎಲ್ಲೆಲ್ಲಿ ಎಷ್ಟಿತ್ತು ಅಂತ ತೋರಿಸುವ ತಾಣಗಳನ್ನು ನಮ್ಮ ಗಿರಾಕಿಗಳೆಲ್ಲ ನೋಡುತ್ತಾರೆ. ‘ಇದು ಡಾಲರ್ ಬಂಡಲ್‌ನಲ್ಲಿ ಬಂದಿತ್ತು’ ಅಂತ ಅಲ್ಲಿ ಒಂದು ಸಾಲು ಬಿತ್ತು ಅಂದರೆ ಮುಗಿಯಿತು, ಮುಂದೆ ಕೊಳ್ಳೋಣ ಅಂತ ವಿಶ್‌ಲಿಸ್ಟ್‌ನಲ್ಲಿ ಇಟ್ಟುಕೊಂಡವರು ಇನ್ನೊಂದು ಡಾಲರ್ ಬಂಡಲ್‌ಗೇ ಕಾಯುತ್ತಾರೆ. ನಾಲ್ಕು ಸೇಲ್ ಸೇರಿಸಿ ಲೆಕ್ಕ ಹಾಕಿದರೆ ಬಂದ ಎಂಬತ್ತು ಸಾವಿರಕ್ಕಿಂತ ಹೋದದ್ದೇ ಜಾಸ್ತಿ.

ರಿವ್ಯೂ ಆದರೂ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ಬರುತ್ತೆ. ಆದರೆ 2016ರಿಂದ ಹೊರಗಿನ ಕೀಯಿಂದ ಬಂದವರ ರಿವ್ಯೂ ಸ್ಟೀಮ್‌ನ ಅಂಕಕ್ಕೆ ಸೇರಲ್ಲ. ನಮಗೆ ಒಂದು ಹದಿನೈದು ರಿವ್ಯೂ ಬಂದವು, ಒಂದೂ ಲೆಕ್ಕಕ್ಕೆ ಬರಲಿಲ್ಲ. ಅದರಲ್ಲಿ ಒಬ್ಬ ಆರು ನಿಮಿಷ ಆಡಿ ‘ಕಾಳು ಎಣಿಸೋ ಆಟ’ ಅಂತ ಬರೆದು ಚೆನ್ನಾಗಿಲ್ಲ ಅನ್ನುವ ಕೆಂಪು ಹೆಬ್ಬೆರಳು ತೋರಿಸಿದ್ದ. ಅಳಗುಳಿ ಮಣೆಯಲ್ಲಿ ಕಾಳು ಎಣಿಸದೆ ಇನ್ನೇನು ಮಾಡ್ತಾರಪ್ಪಾ?

ಇಷ್ಟಾದ ಮೇಲೆ ಬಂಡಲ್ ಸಹವಾಸವೇ ಬೇಡ ಅಂತ ಭಾವ ಹೇಳಿದರು. ನನಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ಗಿರಾಕಿಯಾಗಿ ನಾನೂ ಇಂಥ ಬಂಡಲ್ ಕೊಂಡವನೇ. ಕಾಲೇಜು ಮುಗಿದ ಹೊಸದರಲ್ಲಿ ತಿಂಗಳಿಗೊಂದು ಎರಡು ಕೊಳ್ಳುತ್ತಿದ್ದೆ. ನನ್ನ ಲೈಬ್ರರಿಯಲ್ಲಿ ನಾನೂರರ ಹತ್ತಿರ ಗೇಮ್ ಇವೆ, ತೆರೆದು ನೋಡಿದ್ದು ಅರವತ್ತಿರಬಹುದು. ತೆರೆದ ಅರವತ್ತು ಯಾವುವು ಅಂತ ಒಂದು ಭಾನುವಾರ ಕೂತು ನೋಡಿದೆ. ಬಹುಪಾಲು ಏನು ಗೊತ್ತಾ? ನನಗೆ ಆಗಲೇ ಇಷ್ಟವಾಗಿದ್ದ ಒಂದು ಗೇಮ್‌ನ ಜಾತಿಗೇ ಸೇರಿದವು. ಹತ್ತು ಗೇಮ್ ಸಿಗುತ್ತೆ ಅಂತ ಖುಷಿಪಟ್ಟು ಕೊಂಡೆ, ಆಡಿದ್ದು ಮಾತ್ರ ಒಂದನ್ನೇ. ಹಾಗಿದ್ದರೆ ಆ ಒಂದನ್ನು ಮಾತ್ರ ಸ್ವಲ್ಪ ಒಳ್ಳೆ ಬೆಲೆಗೆ ಮಾರಿದರೆ ಗಿರಾಕಿಗೂ ನಷ್ಟ ಇಲ್ಲ, ಮಾಡಿದವನಿಗೂ ಇಲ್ಲ.

ಸ್ಟೀಮ್ ಒಳಗೇ ಬಂಡಲ್ ಕಟ್ಟಬಹುದು ಅನ್ನೋದು ನಿಮಗೆಲ್ಲ ಗೊತ್ತು. ನಮ್ಮದೇ ಎರಡು ಗೇಮ್ ಆಗಬೇಕು ಅಂತಿಲ್ಲ, ಬೇರೆಯವರ ಜೊತೆಗೂ ಸೇರಬಹುದು. ಕೀ ಹೊರಗೆ ಹೋಗಲ್ಲ. ಯಾರ ಗೇಮ್‌ನ ದುಡ್ಡು ಅವರಿಗೇ ಸ್ಟೀಮ್ ಹಾಕುತ್ತೆ, ಹಂಚಿಕೊಳ್ಳುವ ತಲೆನೋವಿಲ್ಲ. ಗಿರಾಕಿಯ ಹತ್ತಿರ ಒಂದು ಗೇಮ್ ಆಗಲೇ ಇದ್ದರೆ ಉಳಿದದ್ದಕ್ಕೆ ಮಾತ್ರ ದುಡ್ಡು ಕೊಟ್ಟರಾಯಿತು, ಬಂಡಲ್‌ನ ಡಿಸ್ಕೌಂಟೂ ಸಿಗುತ್ತೆ. ಎಲ್ಲರೂ ಈ ಕೊನೆಯ ಸಾಲನ್ನು ಓದಿ ಮುಂದೆ ಹೋಗುತ್ತಾರೆ. ನಮ್ಮ ದುಡ್ಡೆಲ್ಲ ಬಂದದ್ದು ಅಲ್ಲಿಂದಲೇ.

ಮೊದಲು ಕಟ್ಟಿದ್ದು ಸ್ನೇಹದ ಬಂಡಲ್. ಬೆಂಗಳೂರಿನ ಗೆಳೆಯನದು ಗುಂಡು ಹಾರಿಸುವ ಗೇಮ್, ನಮ್ಮದು ಕಾಳು ಹಾಕುವ ಗೇಮ್. ಮೂರು ತಿಂಗಳಲ್ಲಿ ನಾಲ್ಕೋ ಐದೋ ಹೋಯಿತು. ಅದರಲ್ಲಿ ಒಂದು ಅವನ ಅಣ್ಣನೇ ಕೊಂಡದ್ದು ಅಂತ ನನಗೆ ಈಗಲೂ ಅನುಮಾನ.

ಆಮೇಲೆ ಭಾರತದ ಗೇಮ್‌ಗಳ ಬಂಡಲ್ ಅಂತ ಏಳು ಜನ ಸೇರಿದೆವು. ಪುಣೆಯ ನೋಡಿಂಗ್ ಹೆಡ್ಸ್ ಕಂಪನಿಯವರ ‘ರಾಜಿ’ ಗೇಮ್ 2020ರಲ್ಲಿ ಬಂದು ಹೆಸರು ಮಾಡಿತ್ತು, ನಮ್ಮ ಕಡೆಯ ಗೇಮ್ ಅಂದರೆ ಜನ ನೋಡುತ್ತಾರೆ ಅನ್ನುವ ಹುರುಪು. ಎಲ್ಲರೂ ಹಂಚಿಕೊಂಡರು, ಲೈಕ್ ಬಿದ್ದವು, ಚಪ್ಪಾಳೆ ಸಿಕ್ಕಿತು. ಮಾರಾಟ? ಹೇಳಿಕೊಳ್ಳುವ ಹಾಗಿರಲಿಲ್ಲ. ಏಳು ಗೇಮ್ ಸೇರಿ ಬೆಲೆ ಮೂವತ್ತು ಡಾಲರ್ ದಾಟುತ್ತಿತ್ತು. ಒಂದು ಹಾರರ್, ಒಂದು ಕಾರ್ ರೇಸ್, ಒಂದು ಕಾರ್ಡ್ ಗೇಮ್, ಮಧ್ಯದಲ್ಲಿ ನಾವು. ಏಳೂ ಇಷ್ಟಪಡುವ ಮನುಷ್ಯ ಎಲ್ಲಿ ಸಿಗುತ್ತಾನೆ? ದೇಶ ಒಂದೇ ಆದರೆ ಸಾಲದು, ಗಿರಾಕಿಯ ರುಚಿ ಒಂದೇ ಇರಬೇಕು.

ಮೂರನೆಯದಕ್ಕೆ ನಾನು ಬೇರೆ ಥರ ಹುಡುಕಿದೆ. ನಮ್ಮ ಸ್ಟೋರ್ ಪುಟದ ಕೆಳಗೆ ಇದೇ ಥರದ ಗೇಮ್‌ಗಳು ಅಂತ ಸ್ಟೀಮ್ ತೋರಿಸುತ್ತಲ್ಲ, ಅಲ್ಲಿಂದ ಪಟ್ಟಿ ಮಾಡಿದೆ. ರಿವ್ಯೂ ನೂರಕ್ಕಿಂತ ಕಮ್ಮಿ ಇದ್ದವರನ್ನು ಬಿಟ್ಟೆ, ಅವರಿಗೂ ನಮಗೂ ಕಷ್ಟ ಒಂದೇ. ಎರಡು ಸಾವಿರ ದಾಟಿದವರನ್ನೂ ಬಿಟ್ಟೆ, ಅವರು ಉತ್ತರ ಕೊಡಲ್ಲ. ಬೆಲೆ ನಮ್ಮದಕ್ಕಿಂತ ಎರಡು ಡಾಲರ್ ಮೇಲೆ ಕೆಳಗೆ ಇರಬೇಕು. ಮುಖ್ಯವಾಗಿ, ಹಿಂದೆ ಡಾಲರ್ ಬಂಡಲ್‌ಗೆ ಹೋಗಿರಬಾರದು. ಇದಾದ ಮೇಲೆ ಇನ್ನೊಂದು ಸೋಸುವಿಕೆ ಇದೆ, ಅದನ್ನು ಇಲ್ಲಿ ಬರೆಯಲ್ಲ. ನೀವೂ ಅದೇ ಪಟ್ಟಿಗೆ ಮೇಲ್ ಹಾಕಿದರೆ ನನ್ನ ಹೊಟ್ಟೆಪಾಡು ಏನಾಗಬೇಕು?

ಇಪ್ಪತ್ತೈದು ಮೂವತ್ತು ಜನಕ್ಕೆ ಮೇಲ್ ಹಾಕಿದೆ. ಏಳೆಂಟು ಉತ್ತರ ಬಂದವು. ಮೇಲ್‌ನ ಮೊದಲ ಸಾಲು ಏನಿತ್ತು ಅಂತ ಹೇಳಲ್ಲ, ಆದರೆ ಉದ್ದ ಬರೆಯಬೇಡಿ ಅಂತ ಮಾತ್ರ ಹೇಳುತ್ತೇನೆ. ‘ಇಬ್ಬರ ಗೇಮ್, 10 ಪರ್ಸೆಂಟ್, ದುಡ್ಡು ನೇರ ನಿಮಗೆ, ಬೇಡ ಅನ್ನಿಸಿದ ದಿನ ತೆಗೆಯೋಣ’, ಇಷ್ಟು ಇದ್ದರೆ ಸಾಕು. ಪೋಲೆಂಡಿನ ಒಬ್ಬ ಅದೇ ದಿನ ಸಂಜೆ ಒಪ್ಪಿದ. ಅವನದು ಕಲ್ಲು ಸರಿಸುವ ಪಜಲ್, ಒಬ್ಬನೇ ಮಾಡಿದ್ದು.

ಇಲ್ಲೇ ಎಲ್ಲರೂ ‘ಆಗಲ್ಲ’ ಅಂತ ತಲೆ ಆಡಿಸಿದ್ದು. ಭಾವನ ಜೊತೆ ಆದ ಮಾತು ಚೆನ್ನಾಗಿ ನೆನಪಿದೆ.

‘ಅಲ್ಲ ಕಣಯ್ಯಾ, 80 ಪರ್ಸೆಂಟ್ ಬಿಟ್ಟರೂ ಬರದ ಜನ 10ಕ್ಕೆ ಬರ್ತಾರಾ?’

‘ಅವರು ಬರಲ್ಲ ಭಾವ. ಇವರು ಬೇರೆಯವರು.’

‘ಯಾವ ಬೇರೆಯವರು?’

‘ಅವನ ಗೇಮ್ ಆಡಿ ಮುಗಿಸಿ ಇಂಥದ್ದೇ ಇನ್ನೊಂದು ಬೇಕು ಅನ್ನೋರು.’

‘ನೋಡೋಣ, ನಿನ್ನ ಇಷ್ಟ’ ಅಂತ ಹೇಳಿ ಎದ್ದುಹೋದರು. ಲೆಕ್ಕದ ಹಾಳೆಯಲ್ಲಿ ಈ ಬಂಡಲ್‌ಗೆ ಅವರು ಸಾಲನ್ನೇ ಹಾಕಿರಲಿಲ್ಲ.

2023ರಲ್ಲಿ ಅದು ಶುರುವಾಯಿತು. ಮೊದಲ ತಿಂಗಳೇ ಬಂಡಲ್‌ನಿಂದ ನಮ್ಮದು ಎಂಬತ್ತರ ಹತ್ತಿರ ಹೋಯಿತು. ಪೋಲೆಂಡಿನವನದು ನಲವತ್ತೈದು. ಇಬ್ಬರೂ ಕರೆ ಮಾಡಿ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದೆವು. ಎರಡೂ ಇಲ್ಲದವನು ಕೊಂಡರೆ ಇಬ್ಬರಿಗೂ ಒಂದೊಂದು ಏರಬೇಕು. ನಮಗೆ ಮೂವತ್ತೈದು ಜಾಸ್ತಿ ಬಂದಿದೆ ಅಂದರೆ ಕನಿಷ್ಠ ಮೂವತ್ತೈದು ಜನರ ಹತ್ತಿರ ಅವನ ಗೇಮ್ ಮೊದಲೇ ಇತ್ತು. ಅವರಿಗೆ ಪುಟದಲ್ಲಿ ಕಂಡದ್ದು ‘ಇನ್ನೊಂದು ಬಾಕಿ ಇದೆ’ ಅನ್ನುವ ಹಾಗೆ, 7.19 ಡಾಲರ್‌ಗೆ. ಎಪ್ಪತ್ತು ಸೆಂಟ್‌ಗೆ ಮರುಮಾರಾಟದಲ್ಲಿ ಸಿಗುತ್ತಿದ್ದ ಅದೇ ಗೇಮ್! ಆ ಹೊತ್ತಿಗೆ ಹಳೇ ಕೀಗಳು ಖಾಲಿಯಾಗುತ್ತಾ ಬಂದಿದ್ದವು ಅನ್ನೋದೂ ನಿಜ. ಆದರೂ ಈ ಜನ ಅಲ್ಲಿ ಹುಡುಕುವವರೇ ಅಲ್ಲ.

ಎರಡು ಗೇಮ್‌ಗೆ ನಿಲ್ಲಿಸಿದ್ದೇ ಕೆಲಸ ಮಾಡಿದ್ದು ಅಂತ ನನ್ನ ವಾದ. ಐದರ ಬಂಡಲ್‌ನಲ್ಲಿ ಒಂದು ಇದ್ದವನಿಗೆ ಇನ್ನೂ ನಾಲ್ಕು ಬಾಕಿ ಕಾಣುತ್ತೆ, ಒಟ್ಟು ಬೆಲೆ ನೋಡಿ ಹಿಂದೆ ಸರಿಯುತ್ತಾನೆ. ಎರಡರದ್ದರಲ್ಲಿ ಬಾಕಿ ಒಂದೇ. ಹಾಗಾಗಿ ಬ್ರೆಜಿಲ್‌ನ ಗೆಳತಿ ಸೇರಿದಾಗ ಮೂರನ್ನೂ ಒಂದರಲ್ಲಿ ಕಟ್ಟಲಿಲ್ಲ. ಅವಳ ಜೊತೆ ನಮ್ಮದೊಂದು ಬೇರೆ, ಅವಳು ಮತ್ತು ಪೋಲೆಂಡಿನವನದು ಬೇರೆ.

ಸೇಲ್ ಬಂದಾಗ ಇನ್ನೊಂದು ಲಾಭ. ಸ್ಟೀಮ್ ದೊಡ್ಡ ಸೇಲ್‌ಗಳ ತಾರೀಕು ಮುಂಚೆಯೇ ಹೇಳಿರುತ್ತೆ. ಇಬ್ಬರೂ ಅದೇ ದಿನ 40 ಪರ್ಸೆಂಟ್ ಇಳಿಸುತ್ತೇವೆ. ಅದರ ಮೇಲೆ ಬಂಡಲ್‌ನ 10 ಕೂಡುತ್ತೆ, 50 ಆಗಲ್ಲ, ಇಳಿದ ಬೆಲೆಯ ಮೇಲೆ ಹತ್ತು, ಅಂದರೆ ಗಿರಾಕಿಗೆ 46. ಹೊರಗೆ ಕಾಣುವುದು 40, ಆದ್ದರಿಂದ ಗೇಮ್‌ನ ಅತಿ ಕಮ್ಮಿ ಬೆಲೆ ಅಂತ ದಾಖಲಾಗುವುದೂ 40ರದ್ದೇ. ಸೇಲ್ ಮುಗಿದು ಮುಂದಿನ ಡಿಸ್ಕೌಂಟ್‌ಗೆ ಸ್ಟೀಮ್ ನಿಯಮದಂತೆ 30 ದಿನ ಕಾಯಬೇಕಲ್ಲ, ಆ ದಿನಗಳಲ್ಲೂ ಬಂಡಲ್ ಪುಟದಲ್ಲಿ ಕೂತಿರುತ್ತೆ. ತಿಂಗಳಿಗೆ ನಲವತ್ತಕ್ಕೆ ನಿಂತಿದ್ದ ಗೇಮ್ ಈಗ ಸೇಲ್ ಇಲ್ಲದಾಗಲೂ ನೂರರ ಮೇಲೆ ಹೋಗುತ್ತಿದೆ.

ಮೊದಲ ವರ್ಷ ಬಂಡಲ್‌ಗಳಿಂದ ಮಾತ್ರ ಸಾವಿರಕ್ಕೆ ಸ್ವಲ್ಪ ಕಮ್ಮಿ ಪ್ರತಿ, ಕೈಗೆ ಸುಮಾರು ಎರಡೂವರೆ ಲಕ್ಷ ರೂಪಾಯಿ. ಒಂಬತ್ತು ಸಾವಿರ ಕೀ ಕೊಟ್ಟು ಎಂಬತ್ತು ಸಾವಿರ ತಂದಿದ್ದೆವು, ನೆನಪಿದೆಯಲ್ಲ? ಭಾವ ಲೆಕ್ಕದ ಹಾಳೆಯಲ್ಲಿ ಈಗ ಆ ಸಾಲಿಗೆ ಹಸಿರು ಬಣ್ಣ ಬಳಿದಿದ್ದಾರೆ. ಬಾಯಿಬಿಟ್ಟು ಹೇಳಲಿಲ್ಲ, ಬಣ್ಣ ಹಾಕಿದರು. ನನಗೆ ಅಷ್ಟು ಸಾಕು.

ರಿವ್ಯೂ ವಿಷಯದಲ್ಲೂ ಇದೇ ವ್ಯತ್ಯಾಸ. ಸ್ಟೀಮ್‌ನಲ್ಲೇ ದುಡ್ಡು ಕೊಟ್ಟು ಕೊಂಡದ್ದರಿಂದ ಇವರ ರಿವ್ಯೂ ಅಂಕಕ್ಕೆ ಸೇರುತ್ತೆ. ಗಿರಾಕಿಗೂ ಭದ್ರತೆ ಇದೆ. ಹದಿನಾಲ್ಕು ದಿನದೊಳಗೆ, ಬಂಡಲ್‌ನ ಗೇಮ್‌ಗಳನ್ನೆಲ್ಲ ಸೇರಿಸಿ ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳಬಹುದು. ಹೊರಗೆ ಕೊಂಡ ಕೀಗೆ ಸ್ಟೀಮ್ ದುಡ್ಡು ವಾಪಸ್ ಕೊಡಲ್ಲ, ಮಾರಿದವನನ್ನೇ ಕೇಳಬೇಕು. ಡಾಲರ್ ಬಂಡಲ್ ಕೊಳ್ಳುವ ಹುಡುಗರು ಇದನ್ನು ಗಮನಿಸಲ್ಲ. ನಾನೂ ಆ ವಯಸ್ಸಿನಲ್ಲಿ ಗಮನಿಸಿರಲಿಲ್ಲ, ಒಂದು ಡಾಲರ್‌ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ.

ಮಧ್ಯೆ ಒಂದೆರಡು ತರಲೆ ಪ್ರಯೋಗಗಳೂ ಆದವು. ದಸರಾ ವಸ್ತುಪ್ರದರ್ಶನದಲ್ಲಿ ಪರಿಚಯದವರ ಮಳಿಗೆಯ ಅರ್ಧ ಮೇಜು ಸಿಕ್ಕಿತು. ಪರಿಚಯದ ಬಡಗಿಯ ಹತ್ತಿರ ಹದಿನಾಲ್ಕು ಗುಳಿಯ ಮರದ ಮಣೆ ಮಾಡಿಸಿದೆ. ಕಾಳಿನ ಬದಲು ಚನ್ನಪಟ್ಟಣದ ಅರಗಿನ ಬಣ್ಣದ ಮಣಿ. ಜೊತೆಗೊಂದು ಚೀಟಿಯಲ್ಲಿ ಸ್ಟೀಮ್ ಕೀ. ಎಲ್ಲ ಸೇರಿ ಏಳುನೂರರ ಹತ್ತಿರ ಖರ್ಚು, ಸಾವಿರದ ನೂರಕ್ಕೆ ಮಾರಿದೆ. ಅರವತ್ತು ಮಣೆ ಖಾಲಿಯಾಯಿತು! ಕೀ ಆಕ್ಟಿವೇಟ್ ಆದದ್ದು ನಾಲ್ಕು. ಒಬ್ಬ ಅಜ್ಜಿ ಮಣೆಯ ಗುಳಿಯಲ್ಲಿ ಬೆರಳಾಡಿಸಿ, ಅಂಚು ನುಣುಪಾಗಿದೆಯಾ ಅಂತ ನೋಡಿ, ಚೀಟಿ ಎತ್ತಿ ‘ಇದೇನಪ್ಪಾ, ಗ್ಯಾರಂಟಿ ಕಾರ್ಡಾ?’ ಅಂದರು. ಕಂಪ್ಯೂಟರಿನಲ್ಲೂ ಆಡಬಹುದು ಅಜ್ಜಿ ಅಂದೆ. ‘ಮಣೆ ಇದೆಯಲ್ಲ’ ಅಂತ ಚೀಟಿ ನನ್ನ ಕೈಗೇ ವಾಪಸ್ ಕೊಟ್ಟರು. ಬಡಗಿ ಈಗಲೂ ‘ಮುಂದಿನ ದಸರಾಕ್ಕೆ ಎಷ್ಟು ಮಾಡ್ಲಿ’ ಅಂತ ಕೇಳುತ್ತಾನೆ. ಗೇಮ್ ಬಿಟ್ಟು ಮಣೆ ಮಾರುವುದೇ ಲಾಭ ಅಂತ ತಮ್ಮನ ಹೆಂಡತಿಯ ಅಭಿಪ್ರಾಯ.

ಇನ್ನೊಂದು, ಇಂಡೀ ಗೇಮ್ ಮಾರುವ ಇಚ್ (itch.io) ತಾಣದ ದಾನದ ಬಂಡಲ್. 2020ರಲ್ಲಿ ಅಮೆರಿಕದ ವರ್ಣಭೇದದ ಗಲಾಟೆ ಹೊತ್ತಿನಲ್ಲಿ ಅವರು ಐದು ಡಾಲರ್‌ಗೆ ಸಾವಿರದ ಏಳುನೂರಕ್ಕೂ ಹೆಚ್ಚು ಸರಕು ಕೊಟ್ಟು 80 ಲಕ್ಷ ಡಾಲರ್ ದಾಟಿಸಿದ್ದರು. 2022ರಲ್ಲಿ ಉಕ್ರೇನ್‌ಗಾಗಿ ಕಟ್ಟಿದಾಗ ನಮ್ಮ ಹಳೆಯ ಪುಟ್ಟ ಪ್ರೋಟೋಟೈಪ್ ಒಂದನ್ನು ಹಾಕಿದೆ. ದುಡ್ಡೆಲ್ಲ ದಾನಕ್ಕೆ, ನಮಗೆ ಸೊನ್ನೆ, ಅದು ಗೊತ್ತಿದ್ದೇ ಕೊಟ್ಟದ್ದು. ಸಾವಿರ ಸರಕಿನ ಮಧ್ಯೆ ನಮ್ಮದನ್ನು ತೆರೆದವರು ಬೆರಳೆಣಿಕೆ. ಅದರಲ್ಲಿ ಒಬ್ಬರು ಸ್ಪ್ಯಾನಿಶ್ ಅನುವಾದ ಸುಮ್ಮನೆ ಮಾಡಿಕೊಟ್ಟರು. ದಾನದ ಬಂಡಲ್‌ಗೆ ಕೊಡುವುದಾದರೆ ದಾನ ಅಂತಲೇ ಕೊಡಿ, ಪ್ರಚಾರ ಸಿಗುತ್ತೆ ಅಂತ ಕೊಡಬೇಡಿ. ಮತ್ತೆ, ಮಾರುತ್ತಿರುವ ಗೇಮ್ ಬೇಡ, ಬೇರೆ ಚಿಕ್ಕದು ಕೊಡಿ.

ಹಾಗಂತ ಕೀ ಬಂಡಲ್ ಯಾವತ್ತೂ ಬೇಡ ಅಂತ ನಾನು ಹೇಳುತ್ತಿಲ್ಲ. ಗೇಮ್ ಬಂದು ನಾಲ್ಕೈದು ವರ್ಷ ಆಗಿರಬೇಕು, 75 ಪರ್ಸೆಂಟ್ ಸೇಲ್‌ಗಳೆಲ್ಲ ಮುಗಿದಿರಬೇಕು. ಕೀ ಲೆಕ್ಕದಲ್ಲಿ ಅಲ್ಲ, ಇಡೀ ಮೊತ್ತ ಮುಂಗಡವಾಗಿ ಬರಬೇಕು. ಆಕ್ಟಿವೇಟ್ ಮಾಡಿಕೊಳ್ಳಲು ಗಡುವು ಇರಬೇಕು, ಗಡುವಿನ ಮೇಲೆ ಉಳಿದ ಕೀ ರದ್ದು ಮಾಡುವ ಹಕ್ಕು ನಮ್ಮದು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ದೊಡ್ಡ ಸಂಖ್ಯೆಯ ಕೀ ಕೇಳಿದರೆ ಸ್ಟೀಮ್‌ನವರು ಇಲ್ಲ ಅನ್ನಲೂಬಹುದು, ಆದ್ದರಿಂದ ಸಹಿ ಹಾಕುವ ಮುಂಚೆ ಕೀ ಕೈಯಲ್ಲಿರಲಿ.

ಈ ವರ್ಷ ಅದೇ ಹಳೇ ಕಂಪನಿಯಿಂದ ಮತ್ತೆ ಮೇಲ್ ಬಂದಿದೆ, ಈ ಸಲ ಕೀಗೆ ಹದಿನೈದು ಸೆಂಟ್. ಮೇಲಿನ ಷರತ್ತುಗಳನ್ನೇ ಬರೆದು ಕಳಿಸಿದೆ, ಆಮೇಲೆ ಸದ್ದಿಲ್ಲ. ಬ್ರೆಜಿಲ್‌ನವಳು 10 ಬದಲು 15 ಮಾಡೋಣ ಅನ್ನುತ್ತಿದ್ದಾಳೆ. ಪೋಲೆಂಡಿನವನದ್ದು 10ರಲ್ಲೇ ಬಿಟ್ಟು ಅವಳದ್ದನ್ನು ಮಾತ್ರ 15 ಮಾಡಿ ಎರಡು ತಿಂಗಳು ನೋಡುತ್ತೇವೆ. ನನ್ನ ಅಂದಾಜಿಗೆ ಐದು ಪರ್ಸೆಂಟ್ ಸುಮ್ನೆ ದಂಡ, ಆದರೆ ಅವಳ ಗೇಮ್ ನಮ್ಮದಕ್ಕಿಂತ ದುಬಾರಿ.